ಐದೇ ತಂತಿಯಲ್ಲಿ ಗೆದ್ದ ರಾತ್ರಿ!

ಕಾರವಾರದ ಕಡಲಗಾಳಿಗೆ ಗಿಟಾರಿನ ಉಕ್ಕಿನ ತಂತಿ ಅಂದ್ರೆ ಬಲು ಪ್ರೀತಿ. ಒರೆಸದೆ ಬಿಟ್ಟರೆ ತುಕ್ಕು! ಗೊತ್ತಿದ್ದೂ ನಾನು ಅಂಕೋಲೆಯ ಬಂಡಿಹಬ್ಬದ ಆರ್ಕೆಸ್ಟ್ರಾಕ್ಕೆ ಹಳೇ ತಂತಿಯಲ್ಲೇ ಹೊರಟೆ. ಹೊಸದಕ್ಕೆ ಕಾಸಿರಲಿಲ್ಲ, ಮಾರಾಯ್ರೇ!

ತಿಂಗಳಿಡೀ ತಾಲೀಮು ಮಾಡಿದ್ದು 'ಗೀತಾ' ಚಿತ್ರದ ಹಾಡುಗಳನ್ನ. 1981ರ ಚಿತ್ರ, ಇಳಯರಾಜಾ ಸಂಗೀತ. ನಾಯಕ, ನಿರ್ದೇಶಕ ಎರಡೂ ನಮ್ಮದೇ ಜಿಲ್ಲೆಯ ಹೊನ್ನಾವರ ಸೀಮೆಯ ಶಂಕರ್‌ನಾಗ್. 1990ರಲ್ಲಿ ಅವರು ತೀರಿಹೋದರೂ ಅವರ ಹಾಡಿಗೆ ಬೀಳುವ ಶಿಳ್ಳೆ ನಿಂತಿಲ್ಲ.

ಎರಡನೇ ಹಾಡು ರಂಗೇರುತ್ತಿತ್ತು. 'ಟಣ್!' ಅತಿ ಸಣ್ಣ ತಂತಿ ತುಂಡು! ಬೇರೆ ತಂತಿ ಬೇಕೆಂದರೆ ಸುಮಾರು 35 ಕಿಲೋಮೀಟರ್ ದೂರದ ಕಾರವಾರಕ್ಕೇ ಓಡಬೇಕು. ಹಾಡು ಅರ್ಧಕ್ಕೆ ನಿಂತರೆ ಮುಂದಿನ ವರ್ಷ ನಮ್ಮನ್ನ ಕರೆಯೋರು ಯಾರು? ಕೀಬೋರ್ಡ್ ನುಡಿಸುತ್ತಿದ್ದ ಅಣ್ಣ ಮೆಲ್ಲಗೆ ಗದರಿದ: "ನಿಲ್ಲಿಸ್ಬೇಡ್ವೋ!"

ಆಗ ಹೊಳೀತು. ತುಂಡಾದ ತಂತಿಯನ್ನ ಒತ್ತದೆ ಮೀಟಿದರೆ ಬರುವ ಸ್ವರ, ಎರಡನೇ ತಂತಿಯ ಐದನೇ ಫ್ರೆಟ್ಟಿನಲ್ಲೂ ಸಿಗ್ತದೆ! ಬೆರಳು ಅಲ್ಲಿಗೆ ಸರಿಸಿದೆ. ಹಾಡು ಮುಗಿಯಿತು. ಮುಂದಿನ ಸಾಲಿನ ಹುಡುಗರಿಗೆ ಸುಳಿವೂ ಹತ್ತಲಿಲ್ಲ, "ಒನ್ಸ್ ಮೋರ್!" ಅಂದರು.

ವೇದಿಕೆ ಹತ್ತುವ ಗೆಳೆಯರೇ, ಅಂಗಿಗೆ ಇಸ್ತ್ರಿ ಆಮೇಲೆ. ಮೊದಲು ಕಿಸೆಗೊಂದು ಹೊಸ ತಂತಿ!