ಘಾಟಿ ಹತ್ತುವಾಗ ಗೊತ್ತಾಗುತ್ತದೆ ಹಳೆ ಕಾರಿನ ದಮ್ಮು

ಮೈಸೂರಿನ ವಿಜಯನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ನಮ್ಮಂಥ ಕರಾವಳಿಯವರಿಗೆ ಕಾರು ಶೋಕಿಯಲ್ಲ. ಊರಲ್ಲಿ ಉಮ್ಮ ಇದ್ದಾರೆ, ಪೆರ್ನಾಲ್ ಉಂಟು, ಮದುವೆ ಉಂಟು. ಮಯ್ಯತ್ತಿನ ಸುದ್ದಿ ಬಂದರೆ ರಾತ್ರೋರಾತ್ರಿ ಹೊರಡಬೇಕು. ಬಸ್ಸಿನ ಪಾಡು ನೋಡಿ ನೋಡಿ ಸಾಕಾಗಿ ಹೆಂಡತಿ ಎರಡು ಬಳೆ ಬಿಚ್ಚಿ ಕೊಟ್ಟಳು. ಆ ದುಡ್ಡಿಗೆ ಸಿಕ್ಕಿದ್ದು 800 ಸಿಸಿ ಆಸುಪಾಸಿನ ಒಂದು ಹಳೆ ಕಾರು.

ಕೊಳ್ಳುವ ಮೊದಲು ವಿಜಯನಗರದ ಅಗಲ ರಸ್ತೆಯಲ್ಲಿ ಎರಡು ಸುತ್ತು ಓಡಿಸಿದ್ದೆ. ಚೆನ್ನಾಗಿಯೇ ಓಡಿತು. ನಾನು ಮತ್ತು ಮಾರುವವರು ಇಬ್ಬರೇ ಇದ್ದೆವು, ಎಸಿ ಹಾಕಿರಲಿಲ್ಲ, ರಸ್ತೆಯೂ ಸಮತಟ್ಟು. ನಾನು ತಪ್ಪಿದ್ದು ಅಲ್ಲೇ.

ಆ ವರ್ಷ ಪೆರ್ನಾಲ್ ಮುಗಿಸಿ, ಕಣ್ಣಿನ ಚಿಕಿತ್ಸೆಗೆಂದು ಉಮ್ಮನನ್ನೂ ಕೂರಿಸಿಕೊಂಡು ಸುಳ್ಯ ದಾಟಿ ಬರುತ್ತಿದ್ದೆವು. ದೊಡ್ಡವರು ಮೂವರು, ಮಕ್ಕಳಿಬ್ಬರು, ಡಿಕ್ಕಿಯಲ್ಲಿ ಅಕ್ಕಿ, ತೆಂಗಿನಕಾಯಿ. ಸಂಪಾಜೆ ಘಾಟಿಯಲ್ಲಿ ಮುಂದೆ ಲಾರಿ ತೆವಳುತ್ತಿತ್ತು. ಹಿಂದಿಕ್ಕಲು ಬಲಕ್ಕೆ ಬಂದೆ. ಎಂಜಿನ್ ಕೂಗಿಕೊಂಡಿತೇ ಹೊರತು ಕಾರು ಮುಂದಕ್ಕೆ ಹೋಗಲಿಲ್ಲ. ತಿರುವಿನಲ್ಲಿ ಎದುರಿಂದ ಬಸ್ಸು. ಬ್ರೇಕ್ ಒತ್ತಿ ಹೇಗೋ ಲಾರಿಯ ಹಿಂದಕ್ಕೆ ಸೇರಿಕೊಂಡೆ. ಹಿಂದಿನ ಸೀಟಿನಲ್ಲಿ ಉಮ್ಮನ ದಿಕ್ರ್ ಮಾತ್ರ ಕೇಳುತ್ತಿತ್ತು.

ಮೈಸೂರಿಗೆ ಬಂದು ಮೆಕ್ಯಾನಿಕ್‌ಗೆ ತೋರಿಸಿದೆ. "ಕ್ಲಚ್ ಸವೆದಿದೆ ಭಾಯ್. ಅದನ್ನು ಬಿಡಿ, ಸಣ್ಣ ಎಂಜಿನ್‌ಗೆ ಇಷ್ಟು ಲೋಡ್ ಹಾಕಿದರೆ ಅದು ಏನು ಮಾಡೀತು?" ಎಂದರು. ಆಮೇಲೆ ಅವರು ಕಲಿಸಿದ ಲೆಕ್ಕ ಎಲ್ಲರಿಗೂ ಉಪಯೋಗಕ್ಕೆ ಬರುವಂಥದ್ದು.

ಆಲ್ಟೊ 800ರ ಎಂಜಿನ್ 796 ಸಿಸಿ, ಶಕ್ತಿ ಸುಮಾರು 48 ಅಶ್ವಶಕ್ತಿ. ವ್ಯಾಗನ್ ಆರ್‌ನ 998 ಸಿಸಿ ಎಂಜಿನ್‌ನದ್ದು ಸುಮಾರು 67. ಸ್ವಿಫ್ಟ್‌ನ 1197 ಸಿಸಿ ಪೆಟ್ರೋಲ್ ಎಂಜಿನ್ 83ರ ಹತ್ತಿರ. ಆದರೆ ಅಶ್ವಶಕ್ತಿಯೊಂದನ್ನೇ ನೋಡಿದರೆ ಸಾಲದು, ಅದು ಎಷ್ಟು ತೂಕ ಎಳೆಯಬೇಕು ಎಂಬುದು ಮುಖ್ಯ. 740 ಕೆ.ಜಿ.ಯ ಕಾರಿಗೆ 48 ಅಶ್ವಶಕ್ತಿ ಇದ್ದರೆ ಟನ್ನಿಗೆ 65 ಬಿತ್ತು. ಜನ, ಸಾಮಾನು ಸೇರಿ 350 ಕೆ.ಜಿ. ಏರಿಸಿದರೆ ಅದು 44ಕ್ಕೆ ಇಳಿಯುತ್ತದೆ. ಅಷ್ಟೇ ಹೊರೆಯನ್ನು 830 ಕೆ.ಜಿ., 67 ಅಶ್ವಶಕ್ತಿಯ ಕಾರಿಗೆ ಹಾಕಿದರೂ ಟನ್ನಿಗೆ 57 ಉಳಿಯುತ್ತದೆ. ಏರಿನಲ್ಲಿ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ಮೇಲಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಶೇಕಡಾ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಡಿಕೇರಿ ಇರುವುದು 1,100 ಮೀಟರಿಗೂ ಮೇಲೆ. ಎಸಿಯೂ ಎಂಜಿನ್‌ನಿಂದಲೇ ಶಕ್ತಿ ಎಳೆಯುತ್ತದೆ. ಸಿಎನ್‌ಜಿಯಲ್ಲಿ ಓಡಿಸಿದರೆ ಎಳೆತ ಮತ್ತೂ ಕಡಿಮೆ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು?

ಮೊದಲು ಆರ್‌ಸಿ ನೋಡಿ. ಎಂಜಿನ್ ಎಷ್ಟು ಸಿಸಿ, ಖಾಲಿ ಗಾಡಿಯ ತೂಕ ಎಷ್ಟು ಎಂಬುದು ಅದರಲ್ಲೇ ಇರುತ್ತದೆ. ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಕಪ್ಪು ಹೊಗೆ ಬಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ.

ಟ್ರಯಲ್‌ಗೆ ಒಬ್ಬರೇ ಹೋಗಬೇಡಿ. ಮೂರ್ನಾಲ್ಕು ಜನರನ್ನು ಕೂರಿಸಿ, ಎಸಿ ಹಾಕಿ. ವಿಜಯನಗರದವರಿಗೆ ಹುಣಸೂರು ರಸ್ತೆ ಹತ್ತಿರವೇ ಉಂಟು. ರಸ್ತೆ ಖಾಲಿ ಇರುವಾಗ ನಾಲ್ಕನೇ ಗೇರಿನಲ್ಲಿ 40ರ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸದ್ದೂ ವೇಗವೂ ಎರಡೂ ನಿಧಾನವಾದರೆ ಏರ್ ಫಿಲ್ಟರ್, ಪ್ಲಗ್, ಕಂಪ್ರೆಷನ್ ಪರೀಕ್ಷಿಸಬೇಕು. ಕೊನೆಗೆ ಚಾಮುಂಡಿ ಬೆಟ್ಟದ ರಸ್ತೆ ಹತ್ತಿಸಿ. ಎರಡನೇ ಗೇರಿನಲ್ಲಿ ಏದುಸಿರು ಬಿಡದೆ ಹತ್ತಿದರೆ, ಇಳಿದು ಬಂದು ಬೆಲೆ ಮಾತಾಡಿ. "ಅಷ್ಟು ದೂರ ಯಾಕೆ?" ಎಂದು ಮಾರುವವರು ತಕರಾರು ತೆಗೆದರೆ ಬೇರೆ ಗಾಡಿ ನೋಡುವುದೇ ಲೇಸು.

ದಿನಾ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವುದಷ್ಟೇ ಕೆಲಸವಾದರೆ 800 ಸಿಸಿ ಧಾರಾಳ ಸಾಕು. ವರ್ಷಕ್ಕೆ ನಾಲ್ಕೈದು ಸಲ ಸಂಸಾರ ಸಮೇತ ಘಾಟಿ ಹತ್ತುವವರು 1000 ಸಿಸಿಯ ಕಾರು ಹುಡುಕುವುದು ಒಳ್ಳೆಯದು. 1000 ಸಿಸಿ ದಾಟದ ಕಾರುಗಳಿಗೆಲ್ಲ ಥರ್ಡ್ ಪಾರ್ಟಿ ವಿಮೆಯ ದರವೂ ಒಂದೇ.

ನಮ್ಮ ಮನೆ ಮುಂದೆ ಈಗಲೂ ಅದೇ ಕಾರು ನಿಂತಿದೆ. ಹೊಸ ಕ್ಲಚ್ ಹಾಕಿಸಿದ್ದೇನೆ. ಘಾಟಿಯಲ್ಲಿ ಲಾರಿ ಸಿಕ್ಕಿದರೆ ಅದರ ಹಿಂದೆಯೇ ಸುಮ್ಮನೆ ಹೋಗುತ್ತೇನೆ. ಅಕ್ಕಿ, ತೆಂಗಿನಕಾಯಿ ಬಸ್ಸಿನಲ್ಲಿ ಬರುತ್ತವೆ. ಹೆಂಡತಿಯ ಬಳೆ ಮಾತ್ರ ಇನ್ನೂ ಬಾಕಿ.