ನೆತ್ತಿಯ ಮೂಳೆಯಲ್ಲೊಂದು ರಕ್ತನಾಳದ ಗಡ್ಡೆ

ತಲೆ ಬಾಚುವಾಗ ಬಾಚಣಿಗೆಗೆ ತಗುಲುವ ಗಂಟು. ನೋವಿಲ್ಲ. ಮೇಲಿನ ಚರ್ಮ ಜರುಗುತ್ತದೆ, ಗಂಟು ಮಾತ್ರ ಕದಲುವುದಿಲ್ಲ. ಇಂಥವುಗಳಲ್ಲಿ ಅಪರೂಪಕ್ಕೆ ಒಂದು, ಮೂಳೆಯೊಳಗೆ ರಕ್ತನಾಳಗಳೇ ಹೆಣೆದುಕೊಂಡು ಆದ ಹೆಮಾಂಜಿಯೋಮಾ. ಇದು ಕ್ಯಾನ್ಸರ್ ಅಲ್ಲ, ಬೇರೆಡೆಗೆ ಹರಡುವುದೂ ಇಲ್ಲ. ಮೂಳೆಯ ಎಲ್ಲ ಗಡ್ಡೆಗಳಲ್ಲಿ ಇದರ ಪಾಲು ಶೇ. 1ರ ಆಸುಪಾಸು. ಬೆನ್ನುಮೂಳೆ ಬಿಟ್ಟರೆ ಹೆಚ್ಚಾಗಿ ಸಿಗುವುದು ತಲೆಬುರುಡೆಯಲ್ಲಿ. ನಡುವಯಸ್ಸಿನ ಹೆಂಗಸರಲ್ಲಿ ತುಸು ಜಾಸ್ತಿ.

ಬುರುಡೆಯ ಮೂಳೆಗೆ ಹೊರಗೊಂದು, ಒಳಗೊಂದು ಗಟ್ಟಿ ಪದರ. ನಡುವೆ ಮಜ್ಜೆ ತುಂಬಿದ ತೂತುತೂತಾದ ಭಾಗ. ಗಡ್ಡೆ ಹುಟ್ಟುವುದು ಈ ನಡುವಿನಲ್ಲಿ. ಬೆಳೆಯುತ್ತ ಹೊರಪದರವನ್ನು ಉಬ್ಬಿಸಿ ತೆಳುವಾಗಿಸುತ್ತದೆ, ಒಳಪದರವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಮಿದುಳಿಗೆ ತೊಂದರೆ ಅಪರೂಪವಾಗಿರುವುದು ಇದರಿಂದಲೇ.

ಎಕ್ಸ್-ರೇಯಲ್ಲಿ ಅಂಚು ಸ್ಪಷ್ಟವಾಗಿರುವ ಮಚ್ಚೆ, ಅದರೊಳಗೆ ಜೇನುಗೂಡಿನಂಥ ಜಾಲ ಅಥವಾ ನಡುವಿನಿಂದ ಹೊರಕ್ಕೆ ಚಾಚಿದ ಗೆರೆಗಳು. ರಕ್ತನಾಳಗಳು ಮೂಳೆಯನ್ನು ಸವೆಸಿದ ಮೇಲೆ ಉಳಿದ ಎಳೆಗಳು ದಪ್ಪಗಾಗಿ ಹೀಗೆ ಕಾಣುತ್ತವೆ. ಪಠ್ಯಪುಸ್ತಕದಲ್ಲಿ ಇದು ಬಲು ಅಂದ! ಆದರೆ ಎಲ್ಲ ರೋಗಿಗಳಲ್ಲೂ ಸಿಗದು. ಸಾಲದ್ದಕ್ಕೆ, ಇಂಥದೇ ಗೆರೆಗಳನ್ನು ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರೂ ತೋರಿಸಬಲ್ಲದು. ಹಾಗಾಗಿ ಗೆರೆಗಳನ್ನಷ್ಟೇ ನಂಬುವುದು ಜಾಣತನವಲ್ಲ; ಸಿ.ಟಿ. ಸ್ಕ್ಯಾನಿನ ತೆಳು ಚಿತ್ರಗಳಲ್ಲಿ ಒಳಪದರ ಹೇಗಿದೆ, ಅಂಚು ಎಲ್ಲಾದರೂ ಒಡೆದಿದೆಯೇ ಎಂದು ನೋಡಬೇಕು.

ಎಂ.ಆರ್.ಐ. ಹೇಳುವ ಕಥೆ ಬೇರೆ. ಗಡ್ಡೆಯಲ್ಲಿ ಕೊಬ್ಬು ಹೆಚ್ಚಿದ್ದರೆ ಟಿ1 ಎಂಬ ಬಗೆಯ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ನಿಧಾನಕ್ಕೆ ಹರಿಯುವ ರಕ್ತದಿಂದ ಟಿ2 ಎಂಬ ಇನ್ನೊಂದು ಬಗೆಯಲ್ಲೂ ಬೆಳ್ಳಗೆ. ಕೊಬ್ಬು ಕಡಿಮೆಯಾದರೆ ಗೊಂದಲ ಶುರು: ಬೇರೆ ಅಂಗದಿಂದ ಹರಡಿದ ಕ್ಯಾನ್ಸರ್, ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್, ಮೂಳೆಯೊಳಗಿನ ಮೆನಿಂಜಿಯೋಮಾ (ಸಾಮಾನ್ಯವಾಗಿ ಮಿದುಳಿನ ಹೊದಿಕೆಯಲ್ಲಿ ಹುಟ್ಟುವ ಗಡ್ಡೆ) ಎಲ್ಲವೂ ಅನುಮಾನದ ಪಟ್ಟಿಗೆ ಬರುತ್ತವೆ. ಆಗ ರೋಗಿಯ ವಯಸ್ಸು, ಹಿಂದಿನ ಕಾಯಿಲೆಗಳು ಚಿತ್ರದಷ್ಟೇ ಮುಖ್ಯ.

ಸೂಜಿ ಹಾಕಿ ಪರೀಕ್ಷೆಗೆ ಚೂರು ತೆಗೆಯೋಣವೆಂದರೆ ಇದು ರಕ್ತ ತುಂಬಿದ ಗಡ್ಡೆ, ರಕ್ತಸ್ರಾವದ ಭಯ. ಹಾಗಾಗಿ ಶಸ್ತ್ರಚಿಕಿತ್ಸೆ ಬೇಕಾದಾಗ ಸುತ್ತಲಿನ ಒಂದಿಷ್ಟು ಒಳ್ಳೆಯ ಮೂಳೆಯ ಸಮೇತ ಇಡಿಯಾಗಿ ತೆಗೆದು, ಆ ಜಾಗವನ್ನು ಟೈಟಾನಿಯಂ ಜಾಲರಿಯಿಂದಲೋ ಬೋನ್ ಸಿಮೆಂಟಿನಿಂದಲೋ ಮುಚ್ಚುತ್ತಾರೆ. ತೆಗೆದದ್ದು ಯಾವ ಗಡ್ಡೆ ಎಂಬುದಕ್ಕೆ ಕೊನೆಯ ಮಾತು ಸೂಕ್ಷ್ಮದರ್ಶಕದ್ದು.

ಚಿಕ್ಕದಾಗಿದ್ದು, ನೋವಿಲ್ಲದೆ, ಚಿತ್ರದಲ್ಲಿ ಲಕ್ಷಣ ಸ್ಪಷ್ಟವಾಗಿದ್ದರೆ ಕಾದು ನೋಡಿದರೂ ಸಾಕು. ಗಂಟು ಬೆಳೆದಿದೆಯೇ ಎಂದು ಹೇಳಲು ಹಿಂದಿನ ಚಿತ್ರದ ಜತೆ ಹೋಲಿಸಲೇಬೇಕು. ಆದ್ದರಿಂದ ಹಳೆಯ ಫಿಲ್ಮು, ಸಿ.ಡಿ.ಗಳನ್ನು ಎಸೆಯಬೇಡಿ, ವೈದ್ಯರ ಬಳಿ ಹೋಗುವಾಗ ತೆಗೆದುಕೊಂಡು ಹೋಗಿ.