ನಿಮಗಿದು ಗೊತ್ತೆ? ‘ಆಗದ ಮಾತಿ’ಗೆ ಹಲವು ಹೆಸರು

● ಮಾಡಿ ಮುಗಿಸಲಾಗದ ಕೆಲಸಕ್ಕೆ ಕನ್ನಡದಲ್ಲಿ ಅಸಾಧ್ಯ, ಅಶಕ್ಯ, ಅಸದಳ, ಆಗದ, ಕೈಗೂಡದ ಎಂಬ ಪದಗಳಿವೆ. ವಿರುದ್ಧ ಪದಗಳು: ಸಾಧ್ಯ, ಶಕ್ಯ, ಕಾರ್ಯಸಾಧ್ಯ, ಆಗುವ, ಕೈಗೂಡುವ.

● ‘ದುಸ್ಸಾಧ್ಯ’ ಎಂದರೆ ಅಸಾಧ್ಯವಲ್ಲ, ಕಷ್ಟಪಟ್ಟರೆ ಆಗುವಂಥದ್ದು. ಅದರ ವಿರುದ್ಧ ಪದ ‘ಸುಸಾಧ್ಯ’.

● ಉಡುಪಿ ಬಳಿಯ ಅಲೆವೂರಿನ ಸುತ್ತಮುತ್ತ ಕನ್ನಡದಲ್ಲಿ ‘ಆಗುವುದಿಲ್ಲ’ ಎಂದರೆ, ತುಳುವಿನಲ್ಲಿ ‘ಆಪುಜಿ’, ಕೊಂಕಣಿಯಲ್ಲಿ ‘ಜಾಯ್ನಾ’. ಮೂರರಲ್ಲೂ ‘ಆಗು’ ಎಂಬರ್ಥದ ಕ್ರಿಯಾಪದಕ್ಕೇ ನಿಷೇಧ.

● ‘ಅಸಾಧ್ಯ ಸೆಕೆ’, ‘ಅಸಾಧ್ಯ ನೋವು’ ಎನ್ನುವಾಗ ಅರ್ಥವೇ ಬೇರೆ: ತಡೆಯಲಾಗದಷ್ಟು, ವಿಪರೀತ. ‘ಅಸಾಧ್ಯ ಹುಡುಗ’ ಎಂದರೆ ಯಾರ ಹಿಡಿತಕ್ಕೂ ಸಿಗದ ತುಂಟ.

● ಆಯುರ್ವೇದದಲ್ಲಿ ಸುಲಭವಾಗಿ ಗುಣವಾಗುವ ರೋಗ ‘ಸುಖಸಾಧ್ಯ’, ಕಷ್ಟದಿಂದ ಗುಣವಾಗುವುದು ‘ಕೃಚ್ಛ್ರಸಾಧ್ಯ’. ಅಸಾಧ್ಯದಲ್ಲೂ ಎರಡು ಬಗೆ: ಔಷಧ, ಪಥ್ಯದಿಂದ ಹತೋಟಿಯಲ್ಲಿಡಬಹುದಾದದ್ದು ‘ಯಾಪ್ಯ’, ಚಿಕಿತ್ಸೆಗೆ ಬಗ್ಗದ್ದು ‘ಪ್ರತ್ಯಾಖ್ಯೇಯ’.

● ಮೊಲದ ಕೊಂಬು, ಆಕಾಶದ ಹೂವು ಭಾರತೀಯ ತರ್ಕಶಾಸ್ತ್ರದ ಹಳೆಯ ಉದಾಹರಣೆಗಳು. ಇವು ಮಾಡಲಾಗದವಲ್ಲ, ಇರಲಾರದವು; ಹಾಗಾಗಿ ‘ಅಸಂಭವ’ ಎನ್ನುವುದು ಹೆಚ್ಚು ಸರಿ. ಉಡುಪಿ ಸಮೀಪದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ದ್ವೈತ ಮತದಲ್ಲಿ ಮೊಲದ ಕೊಂಬು ‘ಅಸತ್’.

● ಕಾನೂನಿಗೂ ಈ ಪದ ಬೇಕು. 1872ರ ಭಾರತೀಯ ಕರಾರು ಕಾಯ್ದೆಯ 56ನೇ ಕಲಮಿನ ಪ್ರಕಾರ, ಸ್ವಭಾವತಃ ಅಸಾಧ್ಯವಾದ ಕೆಲಸ ಮಾಡಿಕೊಡುವ ಒಪ್ಪಂದ ಅನೂರ್ಜಿತ. ಬರೀ ಕಷ್ಟ ಅಥವಾ ನಷ್ಟವಾಗುತ್ತದೆ ಎಂಬ ನೆಪಕ್ಕೆ ಈ ರಿಯಾಯಿತಿ ಸಿಗದು.